ಕುದಿನೀರಿನಲ್ಲಿಯೂ ಕೆಡದ ಕಿಣ್ವಗಳು

ಕಾಯಿಸಿದ ಹಾಲಿಗೆ ಹೆಪ್ಪು ಹಾಕುವ ಮೊದಲು ಮನೆಯ ಹಿರಿಯರು ಅದರಲ್ಲಿ ಬೆರಳದ್ದಿ ನೋಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಾಲು ಉಗುರುಬೆಚ್ಚಗಿರಬೇಕು. ತೀರ ತಣ್ಣಗಾಗಿದ್ದರೆ ಮೊಸರಾಗುವುದು ತಡವಾಗುತ್ತದೆ; ಕೈ ಸುಡುವಷ್ಟು ಬಿಸಿಯಾಗಿದ್ದರೆ ಮೊಸರಾಗುವುದೇ ಇಲ್ಲ. ಉಷ್ಣಮಾಪಕದ ನೆರವಿಲ್ಲದೆ ದಿನವೂ ನಡೆಯುವ ಈ ಪರೀಕ್ಷೆಯಲ್ಲಿ ಜೀವರಸಾಯನಶಾಸ್ತ್ರದ ಒಂದು ಮುಖ್ಯ ನಿಯಮವೇ ಅಡಗಿದೆ. ಜೀವಿಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳಿಗೆ ಶಾಖವು ಒಂದು ಮಿತಿಯವರೆಗೆ ಸಹಾಯಕ, ಅದನ್ನು ದಾಟಿದರೆ ಮಾರಕ.

ಈ ಕ್ರಿಯೆಗಳನ್ನು ನಡೆಸುವ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಅವು ಕ್ರಿಯಾವರ್ಧಕಗಳು, ಎಂದರೆ, ತಾವು ವ್ಯಯವಾಗದೆ ಇತರ ಪದಾರ್ಥಗಳ ನಡುವಣ ಕ್ರಿಯೆಯನ್ನು ತ್ವರಿತಗೊಳಿಸುವ ವಸ್ತುಗಳು. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಸಾಮಾನ್ಯ ರಾಸಾಯನಿಕ ಕ್ರಿಯೆಯ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಕಿಣ್ವದ ಕೆಲಸವೂ ಮೊದಮೊದಲು ಹೀಗೆಯೇ ಚುರುಕಾಗುತ್ತದೆ. ಆದರೆ 50 ಅಥವಾ 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಬಹುಪಾಲು ಕಿಣ್ವಗಳ ಚಟುವಟಿಕೆ ಕುಗ್ಗತೊಡಗಿ, ಇನ್ನೂ ಸ್ವಲ್ಪ ಕಾಯಿಸಿದರೆ ಪೂರ್ಣವಾಗಿ ನಿಂತುಹೋಗುತ್ತದೆ. ಆಮೇಲೆ ತಣಿಸಿದರೂ ಅದು ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ಹೀಗಾಗಲು ಕಾರಣವೇನು? 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿ, ಅದೊಂದು ಪ್ರೋಟೀನು ಎಂದು ತೋರಿಸಿದರು. ಅಂದಿನ ಹಲವು ವಿದ್ವಾಂಸರು ಇದನ್ನು ನಂಬಲಿಲ್ಲ. ನೊಬೆಲ್ ಪಾರಿತೋಷಕ ಅವರಿಗೆ ಬಂದದ್ದು 1946ರಲ್ಲಿ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಈ ಸರವು ಸುಮ್ಮನೆ ಜೋಲುಬಿದ್ದಿರದೆ, ನಿಶ್ಚಿತ ರೀತಿಯಲ್ಲಿ ಮಡಿಚಿಕೊಂಡು ಒಂದು ಉಂಡೆಯಾಗಿರುತ್ತದೆ. ಸರದಲ್ಲಿ ಬಹು ದೂರದಲ್ಲಿರುವ ಮಣಿಗಳು ಮಡಿಕೆಯಿಂದಾಗಿ ಒಂದೆಡೆ ಸೇರಿದಾಗಲೇ ಕಿಣ್ವದ ಕೆಲಸಗಾರ ಮೂಲೆ ರೂಪುಗೊಳ್ಳುವುದು. ಮಡಿಕೆಯನ್ನು ಹಿಡಿದಿಟ್ಟಿರುವ ಬಂಧಗಳೋ ನೂರಾರು. ಆದರೆ ಒಂದೊಂದೂ ದುರ್ಬಲ. ಅದೂ ಅಲ್ಲದೆ, ಸರವು ಬಿಚ್ಚಿಕೊಂಡಾಗ ಅದಕ್ಕೆ ದೊರೆಯುವ ಸ್ವಾತಂತ್ರ್ಯವು ಮಡಿಕೆಗೆ ವಿರುದ್ಧವಾಗಿ ಎಳೆಯುತ್ತಲೇ ಇರುತ್ತದೆ. ಈ ಜಗ್ಗಾಟದಲ್ಲಿ ಮಡಿಕೆಯ ಪಕ್ಷಕ್ಕೆ ಉಳಿಯುವ ಗೆಲುವಿನ ಅಂತರವು ಕೆಲವೇ ಕೆಲವು ಜಲಜನಕ ಬಂಧಗಳ ಬೆಲೆಯಷ್ಟು ಮಾತ್ರ. ಶಾಖವು ಅಣುವನ್ನು ಅಲುಗಾಡಿಸಿ ಆ ಅಲ್ಪ ಅಂತರವನ್ನು ತಿಂದುಹಾಕಿದೊಡನೆ ಸರ ಬಿಚ್ಚಿಕೊಳ್ಳುತ್ತದೆ, ಪಕ್ಕದ ಸರಗಳೊಡನೆ ಸಿಕ್ಕುಸಿಕ್ಕಾಗಿ ಸೇರಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಲೋಳೆ ಗಟ್ಟಿಯಾಗುವುದು ಹೀಗೆಯೇ. ಅದನ್ನು ಎಷ್ಟು ಹೊತ್ತು ತಣ್ಣೀರಿನಲ್ಲಿಟ್ಟರೂ ಮತ್ತೆ ಲೋಳೆಯಾಗದಷ್ಟೆ.

ಜೀವಿಗೆ ಇದರಿಂದ ತೊಂದರೆಯಿಲ್ಲ; ಅದು ತನ್ನ ಹದವಾದ ಉಷ್ಣತೆಯಲ್ಲಿ ಬಾಳುತ್ತದೆ. ತೊಂದರೆ ಬಂದದ್ದು ಕಾರ್ಖಾನೆಯ ರಸಾಯನಜ್ಞನಿಗೆ. ಅವನಿಗೆ ಶಾಖ ಬೇಕು. ಬಿಸಿಯಾದ ದ್ರವ ತೆಳುವಾಗಿ ಹರಿಯುತ್ತದೆ, ಹೆಚ್ಚು ಪದಾರ್ಥವನ್ನು ಕರಗಿಸಿಕೊಳ್ಳುತ್ತದೆ, ಬೂಷ್ಟು ಮತ್ತು ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ಎಡೆಗೊಡುವುದಿಲ್ಲ. ಶಾಖವನ್ನು ಆರಿಸಿಕೊಂಡರೆ ಕಿಣ್ವವನ್ನು ಬಿಡಬೇಕು, ಕಿಣ್ವವನ್ನು ಆರಿಸಿಕೊಂಡರೆ ಶಾಖವನ್ನು ಬಿಡಬೇಕು. ಈ ಇಕ್ಕಟ್ಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡುಬಂದದ್ದು ಪಿಷ್ಟದಿಂದ ಸಕ್ಕರೆಯನ್ನು ತಯಾರಿಸುವ ಉದ್ಯಮದಲ್ಲಿ.

ಅಕ್ಕಿ, ಮೆಕ್ಕೆಜೋಳ, ಆಲೂಗೆಡ್ಡೆ, ಮರಗೆಣಸು ಇವೆಲ್ಲವುಗಳ ಸಾರ ಪಿಷ್ಟ. ಸಾವಿರಾರು ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು ಆದ ಪದಾರ್ಥವಿದು. ಕೊಂಡಿಗಳನ್ನು ಕಳಚಿದರೆ ಸಕ್ಕರೆ. 1811ರಲ್ಲಿ, ನೆಪೋಲಿಯನ್ನನ ಯುದ್ಧಗಳಿಂದಾಗಿ ಯೂರೋಪಿಗೆ ಕಬ್ಬಿನ ಸಕ್ಕರೆ ದುರ್ಲಭವಾಗಿದ್ದ ಕಾಲದಲ್ಲಿ, ಪೀಟರ್ಸ್‌ಬರ್ಗಿನಲ್ಲಿದ್ದ ಕಿರ್ಕಾಫ್ ಎಂಬ ರಸಾಯನಜ್ಞರು ಪಿಷ್ಟವನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಗಂಧಕಾಮ್ಲ ಸೇರಿಸಿ ಕುದಿಸಿದಾಗ ಅದು ಸಿಹಿಯಾದ ಪಾಕವಾಗುವುದನ್ನು ಕಂಡರು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಎಂಬವರು ಇದೇ ಕೆಲಸವನ್ನು ಆಮ್ಲವಿಲ್ಲದೆ ಮಾಡಬಲ್ಲ ಪದಾರ್ಥವೊಂದನ್ನು ಮೊಳಕೆ ಬರಿಸಿದ ಬಾರ್ಲಿಯಿಂದ ಬೇರ್ಪಡಿಸಿದರು. ಡಯಸ್ಟೇಸ್ ಎಂದು ಅವರು ಹೆಸರಿಟ್ಟ ಆ ವಸ್ತುವೇ ಜೀವಕೋಶದಿಂದ ಹೊರತೆಗೆದು ಪರಿಶೀಲಿಸಿದ ಮೊದಲ ಕಿಣ್ವ. ಅದನ್ನು ಕುದಿಸಿದರೆ ಅದರ ಶಕ್ತಿ ನಾಶವಾಗುವುದೆಂಬುದನ್ನೂ ಅವರೇ ಗಮನಿಸಿದ್ದರು.

ಹೀಗೆ ಎರಡು ದಾರಿಗಳು ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ತೆರೆದುಕೊಂಡುವು. ಆದರೂ ನೂರಕ್ಕಿಂತ ಹೆಚ್ಚು ವರ್ಷಗಳ ಕಾಲ ಗ್ಲೂಕೋಸ್ ಕಾರ್ಖಾನೆಗಳು ಹಿಡಿದದ್ದು ಆಮ್ಲದ ದಾರಿಯನ್ನೇ. ಆಮ್ಲವು ಬಲಶಾಲಿ, ಆದರೆ ವಿವೇಚನೆಯಿಲ್ಲದ್ದು. ಅದು ಕೊಂಡಿಗಳನ್ನು ಎಲ್ಲೆಂದರಲ್ಲಿ ಕತ್ತರಿಸುವುದಷ್ಟೇ ಅಲ್ಲದೆ, ಬಿಡುಗಡೆಯಾದ ಗ್ಲೂಕೋಸನ್ನು ತಪ್ಪುತಪ್ಪಾಗಿ ಮತ್ತೆ ಜೋಡಿಸಿಯೂ ಬಿಡುತ್ತದೆ. ಇಂಥ ತಪ್ಪುಜೋಡಣೆಗಳಲ್ಲಿ ಒಂದಾದ ಜೆನ್ಷಿಯೋಬಯೋಸ್ ಕಹಿಯಾದ ಸಕ್ಕರೆ! ಅರ್ಧಕ್ಕಿಂತ ಹೆಚ್ಚು ಕೊಂಡಿಗಳನ್ನು ಆಮ್ಲದಿಂದಲೇ ಕಳಚಲು ಹೊರಟರೆ ಪಾಕಕ್ಕೆ ಕಂದುಬಣ್ಣವೂ ಕೆಟ್ಟ ರುಚಿಯೂ ಬರುತ್ತದೆ. ಆಮ್ಲ ಮತ್ತು 140 ಡಿಗ್ರಿಯ ತಾಪ ಎರಡನ್ನೂ ತಡೆಯುವ ಪಾತ್ರೆಗಳು ಬೇಕು. ಕೊನೆಗೆ ಆಮ್ಲವನ್ನು ಕ್ಷಾರದಿಂದ ಶಮನಗೊಳಿಸಬೇಕು. ಅದರಿಂದಾದ ಲವಣವನ್ನು ಪಾಕದಿಂದ ತೆಗೆಯಬೇಕು.

ಹಾಗಾದರೆ ಸಾತ್ವಿಕವಾದ ಕಿಣ್ವವನ್ನೇಕೆ ಬಳಸಲಿಲ್ಲ? ಅಡಿಗೆಮನೆಯಲ್ಲಿ ಅಂಬಲಿ ಕಾಯಿಸಿದವರಿಗೆ ಇದರ ಉತ್ತರ ತಿಳಿದಿರುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿದರೆ ಅದು ಕರಗದೆ ತಳಕ್ಕಿಳಿಯುತ್ತದೆ. ಪಿಷ್ಟದ ಕಣದಲ್ಲಿ ಗ್ಲೂಕೋಸ್ ಸರಗಳು ಅಷ್ಟು ಒತ್ತಾಗಿ ಅಡಕವಾಗಿವೆ. ಅಲ್ಲಿಗೆ ಕಿಣ್ವಕ್ಕೆ ಪ್ರವೇಶವಿಲ್ಲ. 60 ರಿಂದ 70 ಡಿಗ್ರಿಯವರೆಗೆ ಕಾಯಿಸಿದಾಗ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಒಮ್ಮೆಲೇ ಎಲ್ಲವೂ ಅಂಟಾಗಿ ಸೌಟನ್ನು ಹಿಡಿದು ನಿಲ್ಲಿಸುತ್ತದೆ. ಕಾರ್ಖಾನೆಯಲ್ಲಿ ನೀರಿನಲ್ಲಿ ಕದಡುವ ಪಿಷ್ಟದ ಪ್ರಮಾಣ ನೂರಕ್ಕೆ 30 ರಿಂದ 35ರಷ್ಟು. ಅದು ಅಂಟಾದರೆ ಯಾವ ಯಂತ್ರವೂ ಅದನ್ನು ತಿರುವಲಾರದು. ಮೆಕ್ಕೆಜೋಳದ ಪಿಷ್ಟದಲ್ಲಿ ಕೊಬ್ಬಿನ ಅಂಶವೊಂದು ಸರಗಳಿಗೆ ಸುತ್ತಿಕೊಂಡಿರುವುದರಿಂದ ಅದು ಪೂರ್ಣವಾಗಿ ಬೇಯಲು 100 ಡಿಗ್ರಿಯನ್ನೂ ಮೀರಬೇಕು. ಆದುದರಿಂದ ಬೇಕಾದದ್ದು ಒಂದೇ: ಪಿಷ್ಟವು ಬೇಯುತ್ತಿರುವಾಗಲೇ, ಅಂಟಾಗುವುದಕ್ಕೆ ಅವಕಾಶ ಕೊಡದೆ, ಕುದಿಯುವ ಪಾಕದೊಳಗೆ ನಿಂತು ಸರಗಳನ್ನು ತುಂಡರಿಸಬಲ್ಲ ಕಿಣ್ವ. ಬಾರ್ಲಿಯ ಕಿಣ್ವಕ್ಕೆ ಅದು ಅಸಾಧ್ಯ.

ಪರಿಹಾರದ ಮೊದಲ ಸುಳಿವು ಸಿಕ್ಕಿದ್ದು ಬಟ್ಟೆಯ ಗಿರಣಿಗಳಲ್ಲಿ. ಮಗ್ಗದಲ್ಲಿ ಹಾಸಿನ ನೂಲು ಎಳೆದಾಟಕ್ಕೆ ಸಿಕ್ಕಿ ಕಡಿಯದಿರಲೆಂದು ಅದಕ್ಕೆ ಗಂಜಿ ಹಾಕುವುದು ನಮ್ಮ ನೇಕಾರರಿಗೂ ಗೊತ್ತಿರುವ ಪದ್ಧತಿ. ನೇಯ್ದಾದ ಮೇಲೆ ಆ ಗಂಜಿಯನ್ನು ತೆಗೆಯದಿದ್ದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಆಮ್ಲದಿಂದ ತೆಗೆಯೋಣವೆಂದರೆ ಗಂಜಿಯ ಜೊತೆಗೆ ಹತ್ತಿಯ ನೂಲೂ ಶಿಥಿಲವಾಗುತ್ತದೆ. ಏಕೆಂದರೆ ಹತ್ತಿಯ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಕೊಂಡಿಗಳದೇ ಸರ. ಪಿಷ್ಟವನ್ನು ಮಾತ್ರ ಮುಟ್ಟಿ ಸೆಲ್ಯುಲೋಸನ್ನು ಬಿಡುವ ವಿವೇಚನೆ ಕಿಣ್ವಕ್ಕಿದೆ. 1917ರ ವೇಳೆಗೆ ಬ್ವಾದ್ಯಾಂ ಮತ್ತು ಎಫ್ರಾಂ ಎಂಬ ಇಬ್ಬರು ಮಣ್ಣಿನಲ್ಲಿ ಸಾಧಾರಣವಾಗಿ ಸಿಕ್ಕುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಅವುಗಳಿಂದ ಅಮೈಲೇಸ್ ಕಿಣ್ವವನ್ನು ತೆಗೆದು ಗಂಜಿ ಕಳೆಯುವ ಕೆಲಸಕ್ಕೆ ಹಚ್ಚಿದರು. ಈ ಕಿಣ್ವ ಬಾರ್ಲಿಯದಕ್ಕಿಂತ ಗಟ್ಟಿಗ. 70-80 ಡಿಗ್ರಿಯ ನೀರಿನಲ್ಲಿಯೂ ಕೆಲಸಮಾಡಿತು.

ಅಲ್ಲಿಂದ ಮುಂದಿನ ಹೆಜ್ಜೆಗೆ ಅರ್ಧ ಶತಮಾನವೇ ಹಿಡಿಯಿತು. 1970ರ ದಶಕದಲ್ಲಿ ಡೆನ್ಮಾರ್ಕಿನ ನೊವೊ ಸಂಸ್ಥೆಯು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದಿಂದ ತೆಗೆದ ಅಮೈಲೇಸನ್ನು ಮಾರಾಟಕ್ಕೆ ತಂದಿತು. ಇದು 100 ಡಿಗ್ರಿಯನ್ನು ದಾಟಿದರೂ ಕೆಲವು ನಿಮಿಷಗಳ ಕಾಲ ಜಗ್ಗದೆ ದುಡಿಯುತ್ತದೆ. ಈಗ ಇಡೀ ಕ್ರಮ ಬದಲಾಯಿತು. ಪಿಷ್ಟದ ಹಾಲಿಗೆ ಅತ್ಯಲ್ಪ ಕಿಣ್ವವನ್ನು ಬೆರೆಸಿ, ಕೊಳವೆಯಲ್ಲಿ ಹರಿಯುತ್ತಿರುವಾಗಲೇ ಒತ್ತಡದ ಉಗಿಯನ್ನು ಅದರೊಳಕ್ಕೆ ಚಿಮ್ಮಿಸುತ್ತಾರೆ. ಕ್ಷಣಾರ್ಧದಲ್ಲಿ ಅದು ಸುಮಾರು 105 ಡಿಗ್ರಿಗೆ ಏರುತ್ತದೆ. ಐದಾರು ನಿಮಿಷಗಳಲ್ಲಿ ಪಿಷ್ಟ ಬೇಯುತ್ತದೆ, ಜೊತೆಜೊತೆಯಲ್ಲೇ ತುಂಡಾಗುತ್ತದೆ. ಆಮೇಲೆ 95 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ನೀರಿನಂತೆ ಹರಿಯುವ ತೆಳುಪಾಕ ಸಿದ್ಧ. ಬಳಿಕ ಅದನ್ನು 60 ಡಿಗ್ರಿಗೆ ತಣಿಸಿ, ಬೂಷ್ಟಿನಿಂದ ತೆಗೆದ ಗ್ಲೂಕೋಅಮೈಲೇಸ್ ಎಂಬ ಮತ್ತೊಂದು ಕಿಣ್ವದಿಂದ ಒಂದರಿಂದ ಮೂರು ದಿನಗಳಲ್ಲಿ ಬಹುತೇಕ ಎಲ್ಲವನ್ನೂ ಗ್ಲೂಕೋಸಾಗಿ ಪರಿವರ್ತಿಸಬಹುದು. ಕಹಿಯಿಲ್ಲ, ಕಂದುಬಣ್ಣವಿಲ್ಲ. ಔಷಧದ ಗ್ಲೂಕೋಸ್, ಮಿಠಾಯಿಯ ಪಾಕ ಇವು ಇಂದು ಹೆಚ್ಚಾಗಿ ತಯಾರಾಗುವುದು ಈ ಮಾರ್ಗದಿಂದಲೇ. ಮೆಕ್ಕೆಜೋಳದಿಂದಲೂ ನುಚ್ಚಕ್ಕಿಯಿಂದಲೂ ಇಂಧನದ ಮದ್ಯಸಾರವನ್ನು ತೆಗೆಯುವ ನಮ್ಮ ದೇಶದ ಭಟ್ಟಿಗಳಲ್ಲಿಯೂ ಧಾನ್ಯದ ಹಿಟ್ಟನ್ನು ಮೊದಲು ತೆಳುಗೊಳಿಸುವುದು ಇದೇ ಜಾತಿಯ ಕಿಣ್ವ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಲೈಕೆನಿಫಾರ್ಮಿಸ್ ಕುದಿನೀರಿನ ಜೀವಿಯಲ್ಲ. ಅದು ಮಣ್ಣಿನಲ್ಲಿ, ಹಕ್ಕಿಗಳ ಗರಿಗಳ ಮೇಲೆ ವಾಸಿಸುತ್ತದೆ. ಅದನ್ನು 100 ಡಿಗ್ರಿಯಲ್ಲಿ ಬೆಳೆಸಲು ಸಾಧ್ಯವಿಲ್ಲ. ಆದರೂ ಅದು ಹೊರಗೆ ಸುರಿಸುವ ಕಿಣ್ವಕ್ಕೆ ತನ್ನ ಒಡೆಯನಿಗಿಲ್ಲದ ಸಹನಶಕ್ತಿಯಿದೆ. ಕೋಶದ ಹೊರಗೆ, ಅನಾಥವಾಗಿ ಕೆಲಸಮಾಡಬೇಕಾದ ಕಿಣ್ವವು ಗಟ್ಟಿಯಾಗಿರಬೇಕಾದುದು ಸಹಜವೆಂದು ಹೇಳಬಹುದಾದರೂ, ಇಷ್ಟೊಂದು ಗಟ್ಟಿತನ ಅದಕ್ಕೇಕೆ ಬೇಕಾಯಿತೆಂಬುದು ಕುತೂಹಲದ ವಿಷಯವೇ ಸರಿ.

ಈ ಗಟ್ಟಿತನದ ಗುಟ್ಟೇನು? ಯಾವುದಾದರೂ ವಿಶೇಷ ಮಣಿಯಿದೆಯೇ ಎಂದು ಹುಡುಕಿದವರಿಗೆ ನಿರಾಶೆಯಾಯಿತು. ಅದೇ ಇಪ್ಪತ್ತು ಅಮೈನೋ ಆಮ್ಲಗಳು. ಇದರ ದಾಯಾದಿಯೊಂದಿದೆ, ಬ್ಯಾಸಿಲಸ್ ಅಮೈಲೊಲಿಕ್ವಿಫೇಸಿಯೆನ್ಸ್ ಎಂಬ ಬ್ಯಾಕ್ಟೀರಿಯಾದ ಅಮೈಲೇಸ್. ಎರಡರಲ್ಲಿಯೂ ಸುಮಾರು 480 ಮಣಿಗಳು. ನೂರಕ್ಕೆ ಎಂಬತ್ತರಷ್ಟು ಒಂದೇ ಸಮ. ಆದರೂ 90 ಡಿಗ್ರಿಯಲ್ಲಿ ಒಂದು ಗಂಟೆಗಟ್ಟಲೆ ನಿಂತರೆ ಇನ್ನೊಂದು ನಿಮಿಷಗಳಲ್ಲಿ ಸೋಲುತ್ತದೆ. 1989ರಲ್ಲಿ ಜಪಾನಿನ ಸಂಶೋಧಕರು ಇವೆರಡರ ಭಾಗಗಳನ್ನು ಅದಲುಬದಲು ಮಾಡಿ, ಕಸಿಕಟ್ಟಿದಂತಹ ಮಿಶ್ರಕಿಣ್ವಗಳನ್ನು ತಯಾರಿಸಿ ಪರೀಕ್ಷಿಸಿದರು. ಸೋಲುವ ಕಿಣ್ವದ ಸರದಲ್ಲಿ 176 ಮತ್ತು 177ನೆಯ ಮಣಿಗಳೆರಡನ್ನು ಕಿತ್ತುಹಾಕಿ, 269ನೆಯದನ್ನು ಬದಲಾಯಿಸಿದಾಗ ಅದರ ಸಹನಶಕ್ತಿ ಗಮನಾರ್ಹವಾಗಿ ಏರಿತು. ಏನನ್ನೂ ಸೇರಿಸಿದ್ದಲ್ಲ, ಸಡಿಲವಾಗಿದ್ದ ಒಂದು ಬಾಗನ್ನು ಮೊಟಕುಗೊಳಿಸಿದ್ದು! ಸಡಿಲವಾದ ಕುಣಿಕೆಯೇ ಮೊದಲು ಬಿಚ್ಚಿಕೊಳ್ಳುವುದೆಂಬುದು ಕಟ್ಟು ಕಟ್ಟಿದ ಎಲ್ಲರಿಗೂ ಗೊತ್ತು.

ಬೇರೆ ಉಪಾಯಗಳೂ ಉಂಟು. ಅಣುವಿನ ಮೈಮೇಲೆ ಧನ ಮತ್ತು ಋಣ ವಿದ್ಯುದಂಶವುಳ್ಳ ಗುಂಪುಗಳು ಎದುರುಬದುರಾಗಿ ನಿಂತು ಒಂದನ್ನೊಂದು ಸೆಳೆದು ಬಿಗಿಗೊಳಿಸುತ್ತವೆ. ಮ್ಯಾಕ್ಸ್ ಪೆರೂಟ್ಸ್ 1975ರಲ್ಲಿಯೇ ಇದಕ್ಕೆ ಒತ್ತುಕೊಟ್ಟಿದ್ದರು. ಒಳಭಾಗದಲ್ಲಿ ನೀರನ್ನೊಲ್ಲದ ಮಣಿಗಳು ಸಂದಿಲ್ಲದಂತೆ ಕೂಡಿಕೊಂಡಿರುತ್ತವೆ. ಅಮೈಲೇಸಿನಲ್ಲಿ ಕ್ಯಾಲ್ಸಿಯಂ ಅಯಾನುಗಳು ಎರಡು ಭಾಗಗಳ ನಡುವೆ ಬೆಣೆಯಂತೆ ಕುಳಿತಿವೆ. ಇವನ್ನು ಸೆಳೆದುಕೊಂಡರೆ ಈ ಗಟ್ಟಿಗನೂ ಬಿಸಿಯಲ್ಲಿ ಕುಸಿಯುತ್ತಾನೆ. ಅದಕ್ಕಾಗಿ ಕಾರ್ಖಾನೆಗಳಲ್ಲಿ ಪಿಷ್ಟದ ಹಾಲಿಗೆ ಒಂದಿಷ್ಟು ಕ್ಯಾಲ್ಸಿಯಂ ಲವಣವನ್ನು ಬೆರೆಸುವುದುಂಟು. ಕ್ಯಾಲ್ಸಿಯಂ ಕಡಮೆಯಿದ್ದರೂ ಸಾಕೆನ್ನುವಂತೆ ತಿದ್ದಿದ ಕಿಣ್ವಗಳು ಆಮೇಲೆ ಬಂದಿವೆ. ಒಟ್ಟಿನಲ್ಲಿ ಒಂದು ದೊಡ್ಡ ಗುಟ್ಟಿಲ್ಲ, ಹತ್ತಾರು ಸಣ್ಣ ಬಿಗಿತಗಳಿವೆ. ಗೆಲುವಿನ ಅಂತರವೇ ಕೆಲವು ಬಂಧಗಳಷ್ಟಾದುದರಿಂದ, ಇನ್ನು ಕೆಲವು ಬಂಧಗಳು ಕೂಡಿದರೆ ಹತ್ತಿಪ್ಪತ್ತು ಡಿಗ್ರಿಗಳ ಲಾಭವಾಗುವುದರಲ್ಲಿ ಆಶ್ಚರ್ಯವಿಲ್ಲ.

ನಿಜವಾಗಿಯೂ ಬಿಸಿಯಲ್ಲಿಯೇ ಬಾಳುವ ಜೀವಿಗಳು ಬೇರೆ. ಚಳಿಗಾಲದ ಮುಂಜಾನೆ ತಿಪ್ಪೆಯನ್ನು ಕೆದಕಿದರೆ ಹಬೆಯೇಳುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರಬೇಕು. ಕೊಳೆಯುವ ಗೊಬ್ಬರದ ರಾಶಿಯ ಒಡಲಲ್ಲಿ 60-70 ಡಿಗ್ರಿಗಳವರೆಗೆ ಕಾವೇರುತ್ತದೆ. ಉಷ್ಣಪ್ರಿಯ ಬ್ಯಾಕ್ಟೀರಿಯಾಗಳೂ ಬೂಷ್ಟುಗಳೂ ಅಲ್ಲಿ ಹುಲುಸಾಗಿ ಬೆಳೆಯುತ್ತವೆ. ಇಂಥ ಬೂಷ್ಟುಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಾಹೇಶ್ವರಿಯವರು ದೀರ್ಘಕಾಲ ಸಂಶೋಧನೆ ನಡೆಸಿದರು. ಆದರೆ ಎಲ್ಲರ ಗಮನವನ್ನೂ ಸೆಳೆದದ್ದು ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಗಳು. 1966ರಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿ ಹಡ್ಸನ್ ಫ್ರೀಜ್‌ನೊಡನೆ ಅಲ್ಲಿಯ ಮಷ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಹಳದಿ ಛಾಯೆಯ ಬ್ಯಾಕ್ಟೀರಿಯಾವನ್ನು ತಂದು ಬೆಳೆಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಾಯಿತು. 70 ಡಿಗ್ರಿ ಅದಕ್ಕೆ ಹಿತವಾದ ತಾಪ. ಬ್ರಾಕ್ ಹುಡುಕುತ್ತಿದ್ದುದು ಬದುಕಿಗೆ ಶಾಖದ ಮೇಲ್ಮಿತಿ ಎಲ್ಲಿ ಎಂಬುದನ್ನು, ಉದ್ಯಮಕ್ಕೆ ಬೇಕಾದ ಸಾಮಗ್ರಿಯನ್ನಲ್ಲ. ಅವರು ತಮ್ಮ ಬ್ಯಾಕ್ಟೀರಿಯಾವನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿ ಮುಂದಿನ ಬುಗ್ಗೆಗೆ ಹೊರಟರು. 1976ರಲ್ಲಿ ಸಿನ್ಸಿನಾಟಿಯ ಸಂಶೋಧಕರು ಅದರಿಂದ ಡಿಎನ್‌ಎ ಎಳೆಗಳನ್ನು ಹೆಣೆಯುವ ಕಿಣ್ವವನ್ನು ಬೇರ್ಪಡಿಸಿದರು. 1983ರಲ್ಲಿ ಕ್ಯಾರಿ ಮುಲ್ಲಿಸ್ ಯೋಚಿಸಿದ ಡಿಎನ್‌ಎ ಪ್ರತಿಮಾಡುವ ವಿಧಾನದಲ್ಲಿ ದ್ರಾವಣವನ್ನು ಪ್ರತಿ ಸುತ್ತಿಗೂ 95 ಡಿಗ್ರಿಯವರೆಗೆ ಕಾಯಿಸಬೇಕಾಗಿತ್ತು. ಪ್ರತಿ ಸಲವೂ ಕಿಣ್ವ ಸತ್ತು, ಹೊಸದನ್ನು ಕೈಯಿಂದ ಹಾಕಬೇಕಾಗಿತ್ತು. ಥರ್ಮಸ್‌ನ ಕಿಣ್ವ ಬಂದ ಮೇಲೆ ಒಮ್ಮೆ ಹಾಕಿದ್ದು ಮೂವತ್ತು ಸುತ್ತುಗಳಿಗೂ ಸಾಕಾಯಿತು. ಈ ವಿಧಾನದ ಹಕ್ಕುಗಳು 1991ರಲ್ಲಿ 30 ಕೋಟಿ ಡಾಲರಿಗೆ ಮಾರಾಟವಾದುವು. ಉದ್ಯಾನಕ್ಕೆ ಬಂದದ್ದು ಸೊನ್ನೆ. ಇದು ನ್ಯಾಯವೇ ಎಂಬ ಪ್ರಶ್ನೆ ಎದ್ದು, ಮುಂದೆ ಇಂಥ ಶೋಧಗಳಲ್ಲಿ ನೆಲದ ಒಡೆಯರಿಗೆ ಪಾಲಿರಬೇಕೆಂಬ ಒಪ್ಪಂದಗಳೂ ಕಾನೂನುಗಳೂ ಹಲವು ದೇಶಗಳಲ್ಲಿ ಬಂದುವು; ನಮ್ಮಲ್ಲಿ 2002ರ ಜೀವವೈವಿಧ್ಯ ಅಧಿನಿಯಮ ಅಂಥದು.

ಶಾಖವನ್ನು ತಡೆಯುವ ಕಿಣ್ವಕ್ಕೆ ಇನ್ನೊಂದು ಗುಣವಿದೆ. ಬಿಗಿಯಾದ ಅಣು ಬಿಸಿಯನ್ನು ಸಹಿಸುವಂತೆ ದ್ರಾವಕಗಳನ್ನೂ ದೀರ್ಘಕಾಲದ ದುಡಿಮೆಯನ್ನೂ ಸಾಮಾನ್ಯವಾಗಿ ಸಹಿಸುತ್ತದೆ. 1962ರಲ್ಲಿ ಜಪಾನಿನಲ್ಲಿ ವರ್ಣಿಸಲ್ಪಟ್ಟ ಥರ್ಮೋಲೈಸಿನ್ ಎಂಬ ಬ್ಯಾಕ್ಟೀರಿಯಾ ಕಿಣ್ವ ಇದಕ್ಕೆ ನಿದರ್ಶನ. ಇದರ ಸಹಜ ಕೆಲಸ ಪ್ರೋಟೀನನ್ನು ಕತ್ತರಿಸುವುದು. ರಸಾಯನಜ್ಞರು ಇದನ್ನು ತಿರುಗುಮುರುಗಾಗಿ, ಜೋಡಿಸುವುದಕ್ಕೆ ಬಳಸಿದರು. ಆಸ್ಪರ್ಟೇಮ್ ಎಂಬ ಕೃತಕ ಸಿಹಿಪದಾರ್ಥದಲ್ಲಿ ಎರಡು ಅಮೈನೋ ಆಮ್ಲಗಳು ಕೂಡಿವೆ. ಸಾಧಾರಣ ರಾಸಾಯನಿಕ ಕ್ರಮದಿಂದ ಜೋಡಿಸಹೊರಟರೆ ಕೆಲವು ತಪ್ಪು ಕೈಗೆ ಅಂಟಿಕೊಂಡು ಸಿಹಿಯ ಬದಲು ಕಹಿಯಾಗುತ್ತವೆ. ಥರ್ಮೋಲೈಸಿನ್ ಸರಿಯಾದ ಕೈಗೇ ಜೋಡಿಸುತ್ತದೆ. ಎಡ ಮತ್ತು ಬಲ ರೂಪಗಳ ಮಿಶ್ರಣವನ್ನು ಕೊಟ್ಟರೂ ಎಡರೂಪವನ್ನು ಮಾತ್ರ ಆರಿಸಿಕೊಳ್ಳುತ್ತದೆ. ಜೋಡಿಯಾದ ಪದಾರ್ಥ ಕರಗದೆ ಹೊರಬೀಳುವುದರಿಂದ ಕ್ರಿಯೆ ಹಿಂದಿರುಗದೆ ಮುಂದೆಯೇ ಸಾಗುತ್ತದೆ. 1980ರ ದಶಕದ ಕೊನೆಯಲ್ಲಿ ನೆದರ್ಲೆಂಡಿನಲ್ಲಿ ಈ ಕ್ರಮದ ಕಾರ್ಖಾನೆಯೇ ಏರ್ಪಟ್ಟಿತು. ಅದು 2006ರಲ್ಲಿ ಮುಚ್ಚಿದ್ದು ಬೆಲೆಯ ಪೈಪೋಟಿಯಿಂದ, ಕಿಣ್ವದ ದೋಷದಿಂದಲ್ಲ.

ದೋಷಗಳಿಲ್ಲವೆಂದಲ್ಲ. ಬಿಗಿಯಾದ ಅಣು ತಣ್ಣನೆಯ ನೀರಿನಲ್ಲಿ ಮಂದ. ಕೆಲಸಮಾಡಲು ಕಿಣ್ವಕ್ಕೆ ಸ್ವಲ್ಪ ಬಳುಕು ಬೇಕು, ಆ ಬಳುಕು ಅದಕ್ಕೆ ಬರುವುದು ಬಿಸಿಯಲ್ಲಿ. ಬಟ್ಟೆ ಒಗೆಯುವ ಪುಡಿಗಳಿಗೆ ಇದು ಒಂದು ಕೊರತೆ. ಬೇಡವಾದಾಗ ನಿಲ್ಲಿಸುವುದೂ ಕಷ್ಟ. ಹಾಲಿನ ಡೈರಿಗಳವರನ್ನು ಕೇಳಿದರೆ ಈ ಗಟ್ಟಿಗರ ಬಗ್ಗೆ ಒಳ್ಳೆಯ ಮಾತು ಹೊರಡದು. ಶೀತಲ ತೊಟ್ಟಿಯಲ್ಲಿಟ್ಟ ಹಸಿಹಾಲಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಚಳಿಯನ್ನೇ ಮೆಚ್ಚುವ ಜೀವಿಗಳು. ಹಾಲನ್ನು ಕೆಲವು ಸೆಕೆಂಡು 140 ಡಿಗ್ರಿಗೆ ಕಾಯಿಸಿದಾಗ ಅವು ಸಾಯುತ್ತವೆ. ಅವು ಬಿಟ್ಟುಹೋದ ಪ್ರೋಟೀನುಭಂಜಕ ಕಿಣ್ವ ಮಾತ್ರ ಸಾಯುವುದಿಲ್ಲ. ತಿಂಗಳುಗಟ್ಟಲೆ ಇಡಬಹುದಾದ ಪೊಟ್ಟಣದ ಹಾಲು ಒಂದೂ ಜೀವಂತ ಬ್ಯಾಕ್ಟೀರಿಯಾ ಇಲ್ಲದಿದ್ದರೂ ಕಹಿಯಾಗಿ ಗಟ್ಟಿಗಟ್ಟುವುದಕ್ಕೆ ಇದು ಒಂದು ಕಾರಣ. ಇದಕ್ಕೆ ಮದ್ದು ಕಾಯಿಸುವುದರಲ್ಲಿಲ್ಲ, ಕರೆದ ಹಾಲನ್ನು ಚೊಕ್ಕಟವಾಗಿಟ್ಟು ಬೇಗ ಸಾಗಿಸುವುದರಲ್ಲಿದೆ.

ಪಿಷ್ಟದ ಕಾರ್ಖಾನೆಯಲ್ಲಿಯೂ ಅರ್ಧ ಕೆಲಸ ಉಳಿದೇ ಇದೆ. ಮೊದಲ ತೊಟ್ಟಿಯಲ್ಲಿ 95 ಡಿಗ್ರಿಯಲ್ಲಿ ಒಂದೆರಡು ಗಂಟೆಗಳಲ್ಲಿ ಮುಗಿಯುವ ಕೆಲಸದ ಮುಂದಿನ ಭಾಗಕ್ಕೆ, ಪಾಕವನ್ನು 60 ಡಿಗ್ರಿಗೆ ತಣಿಸಿ, ಆಮ್ಲತೆಯನ್ನು ಮತ್ತೆ ಸರಿಪಡಿಸಿ, ಎರಡನೆಯ ತೊಟ್ಟಿಯಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿ ದುಡಿಯುವ ಗ್ಲೂಕೋಅಮೈಲೇಸ್ ಬೂಷ್ಟಿನದು. ಅದಕ್ಕಿಂತ ಹೆಚ್ಚಿನ ಬಿಸಿಯನ್ನು ಅದು ಬಹುಕಾಲ ತಾಳದು. ಮೊದಲ ಕಿಣ್ವದೊಡನೆ ಅದೇ ತೊಟ್ಟಿಯಲ್ಲಿ, ಅದೇ ತಾಪದಲ್ಲಿ ಹೆಗಲುಕೊಟ್ಟು ನಿಲ್ಲಬಲ್ಲ ಜೊತೆಗಾರನಿಗಾಗಿ ಬುಗ್ಗೆಗಳಲ್ಲಿಯೂ ತಿಪ್ಪೆಗಳಲ್ಲಿಯೂ ಹುಡುಕಾಟ ನಡೆದಿದೆ. ಸಿಕ್ಕಿರುವ ಕೆಲವು ಗಟ್ಟಿಯಾಗಿವೆ, ಆದರೆ ನಿಧಾನ, ಚುರುಕಾದವು ಗಟ್ಟಿಯಾಗಿಲ್ಲ.